ಸೆರೆಮನೆಯಿಂದ ಹೊರಬಂದ ಮೇಲೆ

ಸೆರೆಮನೆಯ ಹೆಬ್ಬಾಗಿಲಿನಲ್ಲಿ ಒಂದು ಚಿಕ್ಕ ಬಾಗಿಲು ಇರುತ್ತದೆ. ಶಿಕ್ಷೆಯ ಅವಧಿ ಮುಗಿದ ದಿನ ಬಂದಿಯು ಅದರ ಮೂಲಕ ಹೊರಕ್ಕೆ ಬರುತ್ತಾನೆ. ಒಳಗೆ ಹೋಗುವಾಗ ಒಪ್ಪಿಸಿದ್ದ ಬಟ್ಟೆಬರೆ, ಒಳಗೆ ದುಡಿದು ಗಳಿಸಿದ ಕೂಲಿಯಲ್ಲಿ ಉಳಿದಷ್ಟು ಹಣ, ಬಿಡುಗಡೆಯ ಪತ್ರ, ಇಷ್ಟು ಅವನ ಕೈಯಲ್ಲಿರುತ್ತವೆ. ಕಾನೂನಿನ ದೃಷ್ಟಿಯಲ್ಲಿ ಅವನ ಋಣ ತೀರಿತು. ಕಥೆಗಳೂ ಚಲಚ್ಚಿತ್ರಗಳೂ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಆ ಮನುಷ್ಯನ ಬಾಳಿನಲ್ಲಿ ಅತ್ಯಂತ ಕಠಿಣವಾದ ಒಂದು ಅಧ್ಯಾಯ ಆರಂಭವಾಗುವುದು ಆ ಗಳಿಗೆಯಿಂದಲೇ.

ಅಂದು ರಾತ್ರಿ ಎಲ್ಲಿ ಮಲಗಬೇಕು? ಊರಿಗೆ ಹೋದರೆ ಮನೆಯವರು ಬಾಗಿಲು ತೆರೆಯುವರೇ? ಯಾರು ಕೆಲಸ ಕೊಟ್ಟಾರು? ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಅವನು ಮತ್ತೆ ತಪ್ಪು ದಾರಿ ಹಿಡಿದರೆ, "ಬುದ್ಧಿ ಬರಲಿಲ್ಲ, ಮನಸ್ಸು ಗಟ್ಟಿಯಿದ್ದರೆ ಸರಿಹೋಗುತ್ತಿದ್ದ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಸಮಾಜಶಾಸ್ತ್ರಜ್ಞರೂ ವೈದ್ಯರೂ ಇದನ್ನು ಊಹೆಗೆ ಬಿಡದೆ, ಎಣಿಸಿ, ಅಳೆದು, ಹೋಲಿಸಿ ನೋಡಿದ್ದಾರೆ. ಇಂಥ ಸಂಶೋಧನೆಗಳಲ್ಲಿ ಹೆಚ್ಚಿನವು ನಡೆದಿರುವುದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಸೆರೆವಾಸಿಗಳ ಸಂಖ್ಯೆ ಬಹಳ ದೊಡ್ಡದು, ದಾಖಲೆಗಳೂ ವಿಪುಲ. ಆದ್ದರಿಂದ ಮೊದಲು ಅಲ್ಲಿಯ ಫಲಿತಾಂಶಗಳನ್ನು ನೋಡಿ, ಅನಂತರ ನಮ್ಮ ದೇಶದ ಕಡೆಗೆ ಬರೋಣ.

ಸೆರೆಮನೆ ಕಲಿಸುವ ಪಾಠ

ಡೊನಾಲ್ಡ್ ಕ್ಲೆಮ್ಮರ್ ಎಂಬ ಸಮಾಜಶಾಸ್ತ್ರಜ್ಞನು ಸೆರೆಮನೆಯ ಒಳಗೇ ಕೆಲಸ ಮಾಡುತ್ತ, ಅಲ್ಲಿಯವರ ಜೀವನವನ್ನು ಹತ್ತಿರದಿಂದ ಕಂಡು 1940ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಹೊಸದಾಗಿ ಬಂದ ಬಂದಿಯು ಕ್ರಮೇಣ ಅಲ್ಲಿಯ ಮಾತು, ನಡೆ, ಊಟದ ರೀತಿ, ನಂಬಿಕೆ ಎಲ್ಲವನ್ನೂ ತನ್ನದಾಗಿಸಿಕೊಳ್ಳುತ್ತಾನೆ ಎಂಬುದು ಅವನ ಮುಖ್ಯ ಸಿದ್ಧಾಂತ. ಗ್ರೆಷಮ್ ಸೈಕ್ಸ್ ಎಂಬ ಇನ್ನೊಬ್ಬ ವಿದ್ವಾಂಸನು 1958ರಲ್ಲಿ ಸೆರೆವಾಸದ ನೋವುಗಳನ್ನು ಐದು ಬಗೆಯಾಗಿ ವಿಂಗಡಿಸಿದನು. ಸ್ವಾತಂತ್ರ್ಯದ ನಷ್ಟ, ಸಾಮಾನು ಸೌಕರ್ಯಗಳ ನಷ್ಟ, ದಾಂಪತ್ಯದ ನಷ್ಟ, ಸುರಕ್ಷಿತತೆಯ ನಷ್ಟ ಇವು ನಾಲ್ಕು. ಐದನೆಯದು ಸ್ವಂತ ನಿರ್ಧಾರದ ನಷ್ಟ. ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಈ ಕೊನೆಯದೇ.

ಸೆರೆಮನೆಯಲ್ಲಿ ಯಾವಾಗ ಏಳಬೇಕು, ಏನು ಉಣ್ಣಬೇಕು, ಎಲ್ಲಿ ನಿಲ್ಲಬೇಕು, ದೀಪ ಯಾವಾಗ ಆರಬೇಕು ಎಂಬುದೆಲ್ಲವನ್ನೂ ಬೇರೊಬ್ಬರು ನಿರ್ಧರಿಸುತ್ತಾರೆ. ಹತ್ತು ವರ್ಷ ಅಲ್ಲಿದ್ದವನು ಹತ್ತು ವರ್ಷ ಕಾಲ ತನ್ನ ಕೈಯಿಂದ ಒಂದು ಬಾಗಿಲಿನ ಅಗುಳಿಯನ್ನು ತೆಗೆದಿರುವುದಿಲ್ಲ. ಯಾರನ್ನೂ ನಂಬದಿರುವುದು, ಮುಖದಲ್ಲಿ ಭಾವನೆ ತೋರದಿರುವುದು, ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುವುದು, ಅಪ್ಪಣೆಗಾಗಿ ಕಾಯುವುದು ಇವು ಅಲ್ಲಿ ಬದುಕಲು ಬೇಕಾದ ಗುಣಗಳು. ಹೊರಗೆ ಬಂದೊಡನೆ ಇವೇ ದೋಷಗಳಾಗುತ್ತವೆ. ಕೆಲಸ ಕೇಳಲು ಹೋದಲ್ಲಿ ಅವನ ಮೌನವು ಗರ್ವದಂತೆ ಕಾಣುತ್ತದೆ; ಮನೆಯಲ್ಲಿ ಅವನ ಎಚ್ಚರಿಕೆಯು ಪ್ರೀತಿಯಿಲ್ಲದಿರುವಿಕೆಯಂತೆ ಕಾಣುತ್ತದೆ. ಒಳ್ಳೆಯ ಬಂದಿಯನ್ನು ರೂಪಿಸುವ ಅಭ್ಯಾಸಗಳಿಂದಲೇ ಒಳ್ಳೆಯ ನಾಗರಿಕನು ರೂಪುಗೊಳ್ಳುವುದಿಲ್ಲ.

ಅವನು ಒಳಗಿದ್ದಾಗ ಹೊರಗಿನ ಜಗತ್ತು ನಿಂತಿರಲಿಲ್ಲ ಎಂಬುದನ್ನೂ ನೆನೆಯಬೇಕು. 2010ರ ಆರಂಭದಲ್ಲಿ ಸೆರೆಮನೆಯನ್ನು ಸೇರಿ 2024ರಲ್ಲಿ ಹೊರಬಂದ ಒಬ್ಬ ಭಾರತೀಯನನ್ನು ಊಹಿಸಿಕೊಳ್ಳಿ. ಅವನು ಬಲ್ಲ 500 ಮತ್ತು 1000 ರೂಪಾಯಿಯ ನೋಟುಗಳು 2016ರ ನವೆಂಬರಿನಲ್ಲಿ ರದ್ದಾಗಿವೆ. ಅದೇ ವರ್ಷ ಆರಂಭವಾದ ಯುಪಿಐ ಪದ್ಧತಿಯಿಂದಾಗಿ ಚಹದ ಅಂಗಡಿಯಲ್ಲಿಯೂ ಹಣವು ಫೋನಿನಿಂದ ಫೋನಿಗೆ ಹೋಗುತ್ತದೆ. ಅವನು ಒಳಗೆ ಹೋದಾಗ ಆಧಾರ್ ಸಂಖ್ಯೆ ಯಾರಿಗೂ ಇನ್ನೂ ದೊರೆತಿರಲಿಲ್ಲ; ಹೊರಬರುವಾಗ ಅದಿಲ್ಲದೆ ಹೆಚ್ಚಿನ ವ್ಯವಹಾರಗಳು ಸಾಗವು. ಇಲ್ಲಿ ಒಂದು ವಿಷವೃತ್ತ ಏರ್ಪಡುತ್ತದೆ. ಗುರುತಿನ ಚೀಟಿ ಪಡೆಯಲು ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು. ಬಾಡಿಗೆಯ ಮನೆಗೆ ಮುಂಗಡ ಹಣ ಬೇಕು. ಹಣಕ್ಕೆ ಕೆಲಸ ಬೇಕು. ಕೆಲಸಕ್ಕೆ ಮತ್ತೆ ಗುರುತಿನ ಚೀಟಿ ಬೇಕು. ಮನೆಯವರ ಆಸರೆಯಿದ್ದವನು ಈ ವೃತ್ತವನ್ನು ಒಂದು ಕಡೆ ಮುರಿಯಬಲ್ಲನು. ಆಸರೆಯಿಲ್ಲದವನು ಅದರೊಳಗೇ ಸುತ್ತುತ್ತಾನೆ.

ಮೊದಲ ಎರಡು ವಾರ

ಬಿಡುಗಡೆಯ ಮೊದಲ ದಿನಗಳು ಎಷ್ಟು ಅಪಾಯಕರವೆಂಬುದನ್ನು ಒಂದು ವೈದ್ಯಕೀಯ ಸಂಶೋಧನೆ ಸ್ಪಷ್ಟವಾಗಿ ತೋರಿಸಿತು. ಅಮೆರಿಕಾದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ 1999ರ ಜುಲೈಯಿಂದ 2003ರ ಡಿಸೆಂಬರಿನವರೆಗೆ ಬಿಡುಗಡೆಯಾದ 30,237 ಜನರ ಹೆಸರುಗಳನ್ನು ವೈದ್ಯರ ಒಂದು ತಂಡ ಮರಣದ ದಾಖಲೆಗಳೊಡನೆ ಹೋಲಿಸಿ ನೋಡಿತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ವಯಸ್ಸು ಮೊದಲಾದ ಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಇವರು ಸಾಯುವ ಸಂಭವ ಆ ರಾಜ್ಯದ ಇತರ ಜನರಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಮಾದಕ ವಸ್ತುವಿನ ಮಿತಿಮೀರಿದ ಸೇವನೆಯಿಂದ ಸಾಯುವ ಸಂಭವವಂತೂ 129 ಪಟ್ಟು!

ಇದಕ್ಕೆ ಕಾರಣವೇನು? ಅಫೀಮಿನ ಜಾತಿಯ ಮಾದಕ ವಸ್ತುವನ್ನು ದಿನವೂ ಸೇವಿಸುವವನ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಮೊದಲು ಅಲ್ಪ ಪ್ರಮಾಣದಿಂದ ಆಗುತ್ತಿದ್ದ ಪರಿಣಾಮಕ್ಕೆ ಈಗ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಉಸಿರಾಟವನ್ನು ತಡೆಯುವ ಅದರ ವಿಷಗುಣವನ್ನೂ ದೇಹ ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ಸೆರೆಮನೆಯಲ್ಲಿ ವ್ಯಸನ ನಿಂತಾಗ ಈ ತಾಳಿಕೆ ತಿಂಗಳುಗಳಲ್ಲಿ ಕರಗಿಹೋಗುತ್ತದೆ. ಆದರೆ ವ್ಯಸನದ ನೆನಪು ಕರಗುವುದಿಲ್ಲ. ಹೊರಬಂದವನು ಒಂಟಿತನದಲ್ಲಿಯೋ ಹಳೆಯ ಸ್ನೇಹಿತರ ಸಹವಾಸದಲ್ಲಿಯೋ ಮೊದಲಿನಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ, ಅಂದು ತಾಳಿದ್ದ ದೇಹ ಇಂದು ತಾಳುವುದಿಲ್ಲ; ಉಸಿರು ನಿಲ್ಲುತ್ತದೆ. ಅವನನ್ನು ಕೊಲ್ಲುವುದು ಕೇವಲ ದುರ್ಬಲ ಮನಸ್ಸಲ್ಲ. ದೇಹದ ಈ ಬದಲಾವಣೆಯನ್ನು ಅವನಿಗೆ ಯಾರೂ ತಿಳಿಸಿ ಹೇಳದಿರುವುದೂ ಕಾರಣ.

ಹೃದ್ರೋಗ, ಕೊಲೆ, ಆತ್ಮಹತ್ಯೆಗಳೂ ಆ ಮರಣಗಳ ಪಟ್ಟಿಯಲ್ಲಿದ್ದವು. ಅಮೆರಿಕಾದ ಅಂಕಿಗಳನ್ನು ಹಾಗೆಯೇ ನಮ್ಮ ದೇಶಕ್ಕೆ ಅನ್ವಯಿಸಲಾಗದು. ಆದರೆ ಅದರ ಹಿಂದಿರುವ ತತ್ತ್ವ ಎಲ್ಲೆಡೆಗೂ ಒಂದೇ. ಉದಾಹರಣೆಗೆ ಕ್ಷಯರೋಗವನ್ನು ತೆಗೆದುಕೊಳ್ಳಿ. ಇಕ್ಕಟ್ಟಾದ ಸೆರೆಮನೆಗಳಲ್ಲಿ ಅದು ಹೊರಗಿಗಿಂತ ಹೆಚ್ಚು. ಸಾಮಾನ್ಯ ಚಿಕಿತ್ಸೆಯ ಅವಧಿ ಆರು ತಿಂಗಳು. ಮೂರನೆಯ ತಿಂಗಳಿನಲ್ಲಿ ಬಿಡುಗಡೆಯಾದವನು ಊರಿನ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗದಿದ್ದರೆ ಔಷಧಿ ನಿಲ್ಲುತ್ತದೆ. ಅಳಿದುಳಿದ ರೋಗಾಣುಗಳು ಔಷಧಿಗೆ ಜಗ್ಗದ ಶಕ್ತಿಯನ್ನು ಪಡೆಯಬಹುದು. ಆಗ ಅಪಾಯ ಅವನೊಬ್ಬನಿಗಲ್ಲ. ಅವನ ಮನೆಯವರಿಗೆ, ಅವನು ಕುಳಿತ ಬಸ್ಸಿನಲ್ಲಿರುವವರಿಗೂ ಉಂಟು.

ಕೆಲಸದ ಬಾಗಿಲಲ್ಲಿ ಒಂದು ಪ್ರಯೋಗ

ಮೊದಲ ವಾರಗಳನ್ನು ದಾಟಿದವನಿಗೆ ಮುಂದಿನ ಪ್ರಶ್ನೆ ಜೀವನೋಪಾಯದ್ದು. ಸೆರೆಮನೆಗೆ ಹೋಗಿ ಬಂದವರಲ್ಲಿ ನಿರುದ್ಯೋಗ ಹೆಚ್ಚು ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಅದಕ್ಕೆ ಕಾರಣ ಅವರ ಅಯೋಗ್ಯತೆಯೇ, ಅಥವಾ ಅವರ ಮೇಲಿರುವ ಕಲೆಯೇ? ಈ ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭವಲ್ಲ. ದೇವಾ ಪೇಜರ್ ಎಂಬ ತರುಣ ಸಮಾಜಶಾಸ್ತ್ರಜ್ಞೆಯು 2001ರಲ್ಲಿ ಮಿಲ್‌ವಾಕೀ ನಗರದಲ್ಲಿ ಇದಕ್ಕಾಗಿ ಒಂದು ಪ್ರಯೋಗವನ್ನು ನಡೆಸಿದಳು.

ಅವಳು ನಾಲ್ವರು ವಿದ್ಯಾರ್ಥಿಗಳನ್ನು ಆರಿಸಿದಳು. ಇಬ್ಬರು ಬಿಳಿಯರು, ಇಬ್ಬರು ಕರಿಯರು. ವಯಸ್ಸು, ಮೈಕಟ್ಟು, ಮಾತಿನ ರೀತಿ ಇವುಗಳಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಹೋಲುವಂತಿದ್ದರು; ಅರ್ಜಿಯಲ್ಲಿ ತೋರಿಸಿದ ವಿದ್ಯೆಯೂ ಅನುಭವವೂ ಒಂದೇ. ಇವರು ಸಾಮಾನ್ಯ ಕೆಲಸಗಳಿಗಾಗಿ ಒಟ್ಟು 350 ಕಡೆ ಅರ್ಜಿ ಹಾಕಿದರು. ಪ್ರತಿ ಜೊತೆಯಲ್ಲಿಯೂ ಒಬ್ಬನು ಮಾದಕ ವಸ್ತುವಿನ ಅಪರಾಧಕ್ಕಾಗಿ 18 ತಿಂಗಳು ಸೆರೆಯಲ್ಲಿದ್ದುದಾಗಿ ಹೇಳಿಕೊಳ್ಳುತ್ತಿದ್ದನು. ಆದರೆ ಈ ಪಾತ್ರ ಒಬ್ಬನದೇ ಆಗಿರಲಿಲ್ಲ. ವಾರ ಬಿಟ್ಟು ವಾರ ಅದಲುಬದಲಾಗುತ್ತಿತ್ತು. ಪ್ರಯೋಗದ ಜೀವಾಳವಿರುವುದು ಇಲ್ಲಿಯೇ. ಮನುಷ್ಯ ಅದೇ, ಯೋಗ್ಯತೆ ಅದೇ. ಬದಲಾದದ್ದು ಕಲೆಯೊಂದು ಮಾತ್ರ.

ಕಲೆಯಿಲ್ಲದ ಬಿಳಿಯನಿಗೆ ಶೇಕಡಾ 34 ಕಡೆಗಳಿಂದ ಕರೆ ಬಂದಿತು. ಅದೇ ಬಿಳಿಯನು ಸೆರೆಮನೆಯಿಂದ ಬಂದವನೆಂದಾಗ ಶೇಕಡಾ 17 ಕಡೆಗಳಿಂದ. ಕಲೆಯಿಲ್ಲದ ಕರಿಯನಿಗೆ ಶೇಕಡಾ 14. ಕಲೆಯಿದ್ದಾಗ ಕೇವಲ 5. ಅಂದರೆ ಸೆರೆಮನೆಯ ಹೆಸರು ಬಿಳಿಯರ ಅವಕಾಶವನ್ನು ಅರ್ಧಕ್ಕೆ ಇಳಿಸಿತು. ಕರಿಯರ ಅವಕಾಶವನ್ನು ಮೂರನೆಯ ಒಂದು ಪಾಲಿಗೆ ತಂದಿತು. ಅದಕ್ಕಿಂತಲೂ ಚಿಂತಿಸಬೇಕಾದ ಸಂಗತಿಯೆಂದರೆ, ಯಾವ ತಪ್ಪನ್ನೂ ಮಾಡದ ಕರಿಯನಿಗಿಂತ ಸೆರೆಮನೆಯಿಂದ ಬಂದ ಬಿಳಿಯನಿಗೇ ಹೆಚ್ಚು ಕರೆಗಳು ಬಂದವು.

ಹುಟ್ಟೂ ಕಲೆಯೂ ಹೀಗೆ ಒಂದಾಗುವುದು ನಮಗೆ ಹೊಸದಲ್ಲ. ಬ್ರಿಟಿಷ್ ಸರ್ಕಾರವು 1871ರಲ್ಲಿ ಮಾಡಿದ ಕಾಯಿದೆಯೊಂದು ಕೆಲವು ಸಮುದಾಯಗಳನ್ನೇ ಅಪರಾಧಿ ಜನಾಂಗಗಳೆಂದು ಸಾರಿತು. ಕಾಲಾಂತರದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ತಂತಿಬೇಲಿಯೊಳಗಿನ ಸೆಟ್ಲ್‌ಮೆಂಟುಗಳಲ್ಲಿ ಇರಿಸಿದರು. 1952ರಲ್ಲಿ ದೇಶದಾದ್ಯಂತ ಆ ಕಾಯಿದೆ ರದ್ದಾಯಿತು. ಆದರೆ ಕಾಯಿದೆ ಹೋದ ದಿನವೇ ಸಂಶಯ ಹೋಗಲಿಲ್ಲ. ಕಾಗದದ ಮೇಲಿನ ಕಲೆಯನ್ನು ಅಳಿಸುವುದು ಸುಲಭ. ನೆರೆಹೊರೆಯವರ ಕಣ್ಣಿನಲ್ಲಿರುವುದು ಬಹುಕಾಲ ನಿಲ್ಲುತ್ತದೆ.

ಅಪಾಯ ಎಷ್ಟು ಕಾಲ?

ಇಲ್ಲಿ ಓದುಗರು ಒಂದು ನ್ಯಾಯವಾದ ಪ್ರಶ್ನೆಯನ್ನು ಕೇಳಬಹುದು. ಒಮ್ಮೆ ಕದ್ದವನು ಮತ್ತೆ ಕದಿಯಲಾರನೆಂದು ಅಂಗಡಿಯ ಯಜಮಾನ ಹೇಗೆ ನಂಬಬೇಕು? ಅವನ ಭಯ ನಿರಾಧಾರವಲ್ಲ. ಆದರೆ ಆ ಭಯಕ್ಕೂ ಒಂದು ಅವಧಿಯಿರಬೇಕಷ್ಟೆ. ಅದು ಎಷ್ಟು?

ಆಲ್‌ಫ್ರೆಡ್ ಬ್ಲಮ್‌ಸ್ಟೈನ್ ಮತ್ತು ಕಿಮಿನೋರಿ ನಾಕಾಮುರಾ ಎಂಬ ಸಂಶೋಧಕರು 2009ರಲ್ಲಿ ಇದಕ್ಕೆ ಒಂದು ಉತ್ತರವನ್ನು ಕೊಟ್ಟರು. ನ್ಯೂಯಾರ್ಕ್ ರಾಜ್ಯದಲ್ಲಿ 1980ರಲ್ಲಿ ಮೊತ್ತಮೊದಲ ಬಾರಿಗೆ ದಸ್ತಗಿರಿಯಾದವರ ಮುಂದಿನ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದ ದಾಖಲೆಗಳನ್ನು ಅವರು ಪರಿಶೀಲಿಸಿದರು. ಮತ್ತೆ ಅಪರಾಧಕ್ಕೆ ತೊಡಗುವ ಸಂಭವ ಮೊದಲಲ್ಲಿ ಬಹಳ ಹೆಚ್ಚು. ಆದರೆ ತಪ್ಪಿಲ್ಲದೆ ಕಳೆದ ಪ್ರತಿಯೊಂದು ವರ್ಷದೊಡನೆ ಅದು ಇಳಿಯುತ್ತ ಹೋಗಿ, ಕೊನೆಗೆ ಅದೇ ವಯಸ್ಸಿನ ಸಾಮಾನ್ಯ ಜನರ ಮಟ್ಟಕ್ಕೆ ಬಂದು ಸೇರುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಕನ್ನಗಳವಿಗಾಗಿ ಸಿಕ್ಕಿಬಿದ್ದವನು ಈ ಮಟ್ಟವನ್ನು ಮುಟ್ಟಲು 3.8 ವರ್ಷ ಬೇಕಾಯಿತು. ತೀವ್ರ ಹಲ್ಲೆಗಾಗಿ ಸಿಕ್ಕಿದವನಿಗೆ 4.3 ವರ್ಷ, ಸುಲಿಗೆಗಾಗಿ ಸಿಕ್ಕಿದವನಿಗೆ 7.7 ವರ್ಷ. ಇವರೆಲ್ಲರೂ ಸೆರೆವಾಸ ಅನುಭವಿಸಿದವರಲ್ಲ. ಹಲವು ಬಾರಿ ಸೆರೆಮನೆ ಕಂಡವರ ಅವಧಿ ಇದಕ್ಕಿಂತ ದೀರ್ಘವಾಗಬಹುದು. ಆದರೂ ಅಪಾಯ ಶಾಶ್ವತವಲ್ಲ, ಅದನ್ನು ವರ್ಷಗಳಲ್ಲಿ ಎಣಿಸಬಹುದು ಎಂಬುದು ಇದರಿಂದ ಸಿದ್ಧಪಟ್ಟಿತು.

ಈಗ ಒಂದು ಕಾಗದದ ಮೇಲೆ ಎರಡು ರೇಖೆಗಳನ್ನು ಎಳೆದು ನೋಡಿ. ಬಿಡುಗಡೆಯಾದವನ ಅಪಾಯವನ್ನು ತೋರುವ ಮೊದಲ ರೇಖೆ ಬಿಡುಗಡೆಯ ದಿನ ಅತಿ ಎತ್ತರದಲ್ಲಿದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸಮಾಜದ ಸಂಶಯವನ್ನು ತೋರುವ ಎರಡನೆಯ ರೇಖೆ ಇಳಿಯುವುದೇ ಇಲ್ಲ. ನೆಲಕ್ಕೆ ಸಮಾನಾಂತರವಾಗಿ ಕೊನೆಯವರೆಗೆ ಸಾಗುತ್ತದೆ. ನೆರವು ಅತ್ಯಗತ್ಯವಾದ ಮೊದಲ ವಾರಗಳಲ್ಲಿ ಅದು ದೊರೆಯುವುದು ಅತ್ಯಲ್ಪ. ಸಂಶಯ ಅನಗತ್ಯವಾದ ಹತ್ತನೆಯ ವರ್ಷದಲ್ಲಿಯೂ ಅದು ಮೊದಲಿನಷ್ಟೇ. ಬಿಡುಗಡೆಯ ಸಮಸ್ಯೆಯ ತಿರುಳು ಈ ಅಸಂಗತತೆಯಲ್ಲಿದೆ.

ಇದನ್ನು ಗಮನಿಸಿ ಬ್ರಿಟನ್ 1974ರಲ್ಲಿ ಒಂದು ಕಾಯಿದೆ ಮಾಡಿತು. ಶಿಕ್ಷೆಯ ಪ್ರಮಾಣಕ್ಕೆ ತಕ್ಕ ಅವಧಿಯನ್ನು ತಪ್ಪಿಲ್ಲದೆ ಕಳೆದವನು ಹೆಚ್ಚಿನ ಉದ್ಯೋಗಗಳಿಗೆ ಅರ್ಜಿ ಹಾಕುವಾಗ ಹಳೆಯ ಶಿಕ್ಷೆಯನ್ನು ಹೇಳಬೇಕಾಗಿಲ್ಲ. ಮಕ್ಕಳ ಪಾಲನೆಯಂಥ ಕೆಲಸಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ನಮ್ಮಲ್ಲಿ ಇಂಥ ಅವಕಾಶ ಸೀಮಿತವಾದುದು. 1958ರ ಪ್ರೊಬೇಷನ್ ಕಾಯಿದೆಯ 12ನೆಯ ವಿಧಿಯು ಸೆರೆಮನೆಗೆ ಕಳುಹಿಸದೆ ಸನ್ನಡತೆಯ ಮೇಲೆ ಬಿಟ್ಟವರ ಅನರ್ಹತೆಯನ್ನು ನೀಗಿಸುತ್ತದೆ. 2015ರ ಬಾಲನ್ಯಾಯ ಕಾಯಿದೆಯು ಬಾಲಕರಿಗೆ ಅಂಥದೇ ರಕ್ಷಣೆಯನ್ನು, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಕೊಡುತ್ತದೆ.

ಎತ್ತಿ ನಿಲ್ಲಿಸುವುದು ಯಾವುದು?

ಬೀಳುವ ಕಾರಣಗಳಷ್ಟೇ ಏಳುವ ಕಾರಣಗಳೂ ವಿಚಾರಾರ್ಹ. ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ಲೂಯೆಕ್ ದಂಪತಿಗಳು ಬಾಸ್ಟನ್ ನಗರದ 500 ಮಂದಿ ಅಪರಾಧಿ ಬಾಲಕರನ್ನು ಅವರ ಮೂವತ್ತೆರಡನೆಯ ವಯಸ್ಸಿನವರೆಗೆ ಗಮನಿಸಿ ವಿವರಗಳನ್ನು ಬರೆದಿಟ್ಟಿದ್ದರು. ಆ ಕಡತಗಳು ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವನ್ನು ಹೊರತೆಗೆದು, ಎಪ್ಪತ್ತರ ಅಂಚಿಗೆ ಬಂದಿದ್ದ ಆ 'ಬಾಲಕ'ರಲ್ಲಿ 52 ಮಂದಿಯನ್ನು ಮುಂದೆ ಹುಡುಕಿ ಮಾತನಾಡಿಸಿದರು. ಬಾಲ್ಯದಲ್ಲಿ ಒಂದೇ ತೆರನಾಗಿದ್ದವರ ಬಾಳು ಮುಂದೆ ಬೇರೆ ಬೇರೆಯಾಗಿತ್ತು. ತಿದ್ದಿಕೊಂಡವರ ಜೀವನದಲ್ಲಿ ಸ್ಥಿರವಾದ ಕೆಲಸ, ಒಳ್ಳೆಯ ದಾಂಪತ್ಯ, ಸೈನ್ಯದ ಸೇವೆ, ಇಂಥ ಒಂದು ತಿರುವು ಕಂಡುಬಂದಿತು. ಒಳ್ಳೆಯವರಾದ್ದರಿಂದಲೇ ಅವರಿಗೆ ಮದುವೆಯಾಯಿತಲ್ಲವೇ ಎಂಬ ಆಕ್ಷೇಪವನ್ನೂ ಅವರು ಪರೀಕ್ಷಿಸಿದರು. ಒಬ್ಬನೇ ಮನುಷ್ಯನ ಬಾಳಿನಲ್ಲಿ ದಾಂಪತ್ಯವಿದ್ದ ಕಾಲವನ್ನೂ ಇಲ್ಲದ ಕಾಲವನ್ನೂ ಹೋಲಿಸಿದಾಗ, ಇದ್ದ ಕಾಲದಲ್ಲಿ ಅಪರಾಧದ ಸಂಭವ ಸರಾಸರಿ ಶೇಕಡಾ 35ರಷ್ಟು ಕಡಿಮೆಯಾಗಿತ್ತು.

ಅದೇ ಬಾಸ್ಟನ್ನಿನಲ್ಲಿ ಬ್ರೂಸ್ ವೆಸ್ಟರ್ನ್ ಎಂಬವರು 2012ರಿಂದ ಆರಂಭಿಸಿ 122 ಮಂದಿಯನ್ನು ಬಿಡುಗಡೆಯಾದಂದಿನಿಂದ ಒಂದು ವರ್ಷ ಕಾಲ ಮತ್ತೆ ಮತ್ತೆ ಭೇಟಿಯಾದರು. ಮಲಗಲು ಜಾಗ, ಕೈಗೆ ಕಾಸು, ಮಾತಿಗೆ ಒಬ್ಬರು ಎಂಬ ಮೂರನ್ನೂ ಹೆಚ್ಚಾಗಿ ಒದಗಿಸಿದವರು ತಾಯಿ, ಅಕ್ಕ, ಅತ್ತೆ, ಅಜ್ಜಿಯರು ಎಂದು ಅವರು ಕಂಡರು. ಸರ್ಕಾರದ ಯಾವ ಲೆಕ್ಕದಲ್ಲಿಯೂ ಸೇರದ ಒಂದು ದೊಡ್ಡ ಪುನರ್ವಸತಿ ಸಂಸ್ಥೆ ಈ ಹೆಂಗಸರದೇ ಎನ್ನಬೇಕು. ಸೆರೆಮನೆಯಿಂದ ಬಂದವಳು ಸ್ವತಃ ಹೆಂಗಸಾದಾಗ ಅವಳಿಗೆ ಈ ಆಸರೆ ಸಿಗುವುದು ಇನ್ನೂ ಕಷ್ಟ.

ಹಂತ ಹಂತವಾಗಿ ಮೇಲಕ್ಕೆ

ಸಮುದ್ರದ ಆಳಕ್ಕಿಳಿದ ಮುಳುಗುಗಾರನನ್ನು ಒಮ್ಮೆಲೇ ಮೇಲಕ್ಕೆ ಎಳೆಯಬಾರದು. ಆಳದ ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕವು ಒತ್ತಡ ತಟ್ಟನೆ ಇಳಿದಾಗ ಗುಳ್ಳೆಗಳಾಗಿ ಪ್ರಾಣಕ್ಕೆ ಅಪಾಯ ತರುತ್ತದೆ. ಅಲ್ಲಲ್ಲಿ ನಿಲ್ಲಿಸಿ ಹಂತ ಹಂತವಾಗಿ ಮೇಲೆ ತರಬೇಕೆಂದು ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ 1908ರಲ್ಲಿ ಲೆಕ್ಕಹಾಕಿ ತೋರಿಸಿದನು. ಸೆರೆವಾಸವೂ ಒಂದು ಬಗೆಯ ಒತ್ತಡವೇ. ಹಾಗಾದರೆ ಸೆರೆಮನೆಗೂ ಸ್ವಾತಂತ್ರ್ಯಕ್ಕೂ ನಡುವೆ ಮೆಟ್ಟಿಲುಗಳಿರಬೇಡವೇ?

ಈ ಮೆಟ್ಟಿಲನ್ನು ಕಟ್ಟುವ ಪ್ರಯತ್ನ ನಮ್ಮ ದೇಶದಲ್ಲಿ ಮೊದಲೇ ನಡೆದಿದೆ. 1939ರಲ್ಲಿ ಮಹಾರಾಷ್ಟ್ರದ ಔಂಧ್ ಸಂಸ್ಥಾನದಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆ ಆರಂಭವಾಯಿತು. ಅದಕ್ಕೆ ಮುಖ್ಯ ಪ್ರೇರಕರಾದ ಮಾರಿಸ್ ಫ್ರಿಡ್‌ಮನ್ ಪೋಲೆಂಡಿನ ಎಂಜಿನಿಯರು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಮೈಸೂರು ಸಂಸ್ಥಾನಕ್ಕೆ ಬಂದಿದ್ದವರು. ಅಲ್ಲಿ ಎತ್ತರದ ಗೋಡೆಯಿಲ್ಲ; ಬಂದಿಗಳು ಹೊಲದಲ್ಲಿ ದುಡಿಯುತ್ತಿದ್ದರು. 1957ರ 'ದೋ ಆಂಖೇ ಬಾರಹ್ ಹಾಥ್' ಎಂಬ ಪ್ರಸಿದ್ಧ ಹಿಂದಿ ಚಲಚ್ಚಿತ್ರಕ್ಕೆ ಪ್ರೇರಣೆ ದೊರೆತುದು ಇಲ್ಲಿಂದಲೇ. ಉತ್ತರ ಪ್ರದೇಶದಲ್ಲಿ 1952ರಲ್ಲಿ ಬಂದಿಗಳು ಬಯಲು ಶಿಬಿರದಲ್ಲಿದ್ದು ವಾರಾಣಸಿಯ ಬಳಿ ಚಂದ್ರಪ್ರಭಾ ನದಿಯ ಅಣೆಕಟ್ಟಿನ ಕೆಲಸದಲ್ಲಿ ದುಡಿದರು. ಜಯಪುರದ ಬಳಿಯ ಸಾಂಗಾನೇರಿನಲ್ಲಿ 1963ರಲ್ಲಿ ಆರಂಭವಾದ ಬಯಲು ಬಂದೀಖಾನೆಯಲ್ಲಿ ಬಂದಿಗಳು ಹೆಂಡತಿ ಮಕ್ಕಳೊಡನೆ ವಾಸಿಸುತ್ತ, ಹಗಲು ಪಟ್ಟಣದಲ್ಲಿ ದುಡಿದು, ಸಂಜೆ ಹಾಜರಿಗೆ ಹಿಂದಿರುಗುತ್ತಾರೆ. ಕರ್ನಾಟಕದಲ್ಲಿಯೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯೊಂದಿದೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬ ಬರೆದ ಪತ್ರದ ಮೇಲೆ 1996ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿಮಾಡಿ, ಬಯಲು ಬಂದೀಖಾನೆಗಳ ನಿರ್ವಹಣೆಯನ್ನೂ ಅದರಲ್ಲಿ ಸೇರಿಸಿತು. ಶಿಕ್ಷೆಯ ಆರಂಭದಿಂದಲೇ ಬಿಡುಗಡೆಯ ನಂತರದ ಬಾಳಿನ ಬಗೆಗೆ ಯೋಚಿಸಬೇಕೆಂದು ವಿಶ್ವಸಂಸ್ಥೆಯ ನಿಯಮಗಳೂ ಹೇಳುತ್ತವೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು; ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಿದ್ಧವಾಗಿರಲಿಲ್ಲ. ಇವರಲ್ಲಿ ನಿರಪರಾಧಿಯೆಂದು ಬಿಡುಗಡೆ ಹೊಂದುವವನೂ ಅಷ್ಟರಲ್ಲಿ ಕೆಲಸವನ್ನು ಕಳೆದುಕೊಂಡಿರುತ್ತಾನೆ. "ಜೈಲಿಗೆ ಹೋಗಿಬಂದವನು" ಎಂದು ಊರಿನವರು ಹೇಳುವಾಗ ಶಿಕ್ಷೆಗೂ ವಿಚಾರಣೆಗೂ ಇರುವ ಭೇದವನ್ನು ನೋಡುವುದಿಲ್ಲ.

ಅಪರಾಧದಿಂದ ನೊಂದವರನ್ನು ಮರೆತು ಅಪರಾಧಿಯ ಮೇಲೆ ಕರುಣೆ ತೋರಬೇಕೆಂದು ಇದರ ಅರ್ಥವಲ್ಲ. ನ್ಯಾಯಾಲಯ ವಿಧಿಸಿದ ಶಿಕ್ಷೆ ನಡೆಯಲೇಬೇಕು. ಆದರೆ ಹೊರಬಂದವನು ನೆಲೆನಿಂತರೆ ನಾಳೆ ನೋಯಬಹುದಾಗಿದ್ದ ಒಬ್ಬರು ನೋವಿನಿಂದ ಪಾರಾಗುತ್ತಾರೆ; ಅವನು ನೆಲೆ ತಪ್ಪಿದರೆ ಅದರ ಬೆಲೆಯನ್ನು ತೆರುವವರು ಅವನೊಬ್ಬನೇ ಅಲ್ಲ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಅಧಿಕಾರಿಗಳು, ಕೆಲವರು ಅಂಗಡಿ ಕಾರ್ಖಾನೆಗಳ ಯಜಮಾನರು, ಮನೆ ಬಾಡಿಗೆಗೆ ಕೊಡುವವರು. ಎಂದಾದರೊಂದು ದಿನ ಅಂಥ ಒಬ್ಬನು ನಿಮ್ಮ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತಾನು. ಆಗ "ಇವನು ಏನು ಮಾಡಿದ್ದನು?" ಎಂದು ಕೇಳುವುದು ಸಹಜ. ಅದರ ಜೊತೆಗೆ "ಅದು ಎಷ್ಟು ವರ್ಷದ ಹಿಂದೆ? ಅಂದಿನಿಂದ ಹೇಗಿದ್ದಾನೆ?" ಎಂಬ ಇನ್ನೆರಡು ಪ್ರಶ್ನೆಗಳನ್ನೂ ಕೇಳಿ. ಉತ್ತರವನ್ನು ಎಣಿಸಿ ತಿಳಿಯಬಹುದೆಂಬುದನ್ನು ವಿಜ್ಞಾನ ತೋರಿಸಿದೆ.